ಹಕ್ಕಿ ಫೋಟೋದವನ ಪಜೀತಿಗಳು

ಇಂಥವು ನನಗೇ ಯಾಕೆ ಆಗುತ್ತವೆಯೋ, ಇಷ್ಟು ವರ್ಷವಾದರೂ ತಿಳಿದಿಲ್ಲ. ಬನಹಟ್ಟಿಯಲ್ಲಿ ನನ್ನ ಸ್ಟುಡಿಯೋ ಇರುವ ಓಣಿಯಲ್ಲೇ ಇನ್ನೂ ಮೂರು ಸ್ಟುಡಿಯೋಗಳಿವೆ. ಅವರೂ ಕ್ಯಾಮೆರಾ ಹಿಡಿದೇ ಮನೆ ನಡೆಸುತ್ತಾರೆ. ಮದುವೆ, ಜವಳ, ಪಾಸ್‌ಪೋರ್ಟ್ ಸೈಜು ಎಂದು ಮುಗಿಸಿ ಮಧ್ಯಾಹ್ನ ಮನೆಗೆ ಹೋಗಿ ರೊಟ್ಟಿ ಉಂಡು ಮಲಗುತ್ತಾರೆ. ನಾನೂ ಹಾಗೇ ಇರಬೇಕಾದವನು. ಆದರೆ ಆಲಮಟ್ಟಿ ಅಣೆಕಟ್ಟಿನಲ್ಲಿ ನೀರು ನಿಲ್ಲತೊಡಗಿ, ಗಲಗಲಿ ಕಡೆ ಹೊಳೆ ಅಗಲವಾಗಿ, ನಾವೆಂದೂ ಕಾಣದ ಹಕ್ಕಿಗಳು ಹಿಂಡುಹಿಂಡಾಗಿ ಬಂದು ಇಳಿದವು ನೋಡಿ, ಅಂದಿನಿಂದ ನನ್ನ ತಲೆ ಕೆಟ್ಟಿತು. ನಮ್ಮಪ್ಪ ಕೈಮಗ್ಗದವನು. "ಮಗ್ಗ ಬಿಟ್ಟು ಕ್ಯಾಮೆರಾ ಹಿಡದಿ, ಸುಮ್ಮನಿದ್ನಿ. ಈಗ ಮನಿಷಾರನ್ನ ಬಿಟ್ಟು ಹಕ್ಕಿ ಹಿಡದಿ. ಮುಂದ ಏನ್ ಹಿಡೀತೀಯೋ?" ಎಂದು ಕೇಳಿದ್ದ.

ಮುಂದೆ ಹಿಡಿದದ್ದೆಲ್ಲ ಪಜೀತಿಯೇ. ಆಗ ಹೆದರಿದ್ದು ಸುಳ್ಳಲ್ಲ. ಈಗ ಹೇಳಿದರೆ ಮನೆಯವರೇ ನಗುತ್ತಾರೆ.

ಲೆಕ್ಕ ತಪ್ಪಿದ ಕುರಿ

ಬೀಳಗಿ ಕಡೆಯ ಗುಡ್ಡದಲ್ಲಿ ತೋಳ ಇದೆ ಎಂದು ಕೇಳಿ ಒಂದು ಚಳಿಗಾಲವೆಲ್ಲ ಅಲೆದೆ. ತೋಳದ ಜಾಡು ಗೊತ್ತಿರುವುದು ಕುರಿ ಕಾಯುವವರಿಗೆ. ಗುಡ್ಡದ ಬುಡದಲ್ಲಿ ಬೀರದೇವರ ಒಕ್ಕಲಿನ ಗಂಡ ಹೆಂಡತಿ ಇಬ್ಬರು ಕುರಿ ತಂದು ಹಟ್ಟಿ ಹಾಕಿದ್ದರು. ಗಂಡನ ಹತ್ತಿರ ಹೋಗಿ, "ಕಾಕಾ, ತೋಳ ಬಂದ್ರ ನನಗ ಹೇಳ್ರಿ" ಎಂದೆ.

ಆತ ನನ್ನನ್ನು ಕೆಳಗಿನಿಂದ ಮೇಲಕ್ಕೆ ನೋಡಿ, "ತೋಳ ಬಂದ್ರ ನಿನಗ್ಯಾಕ ಹೇಳ್ಲೋ ಮಾರಾಯಾ? ನಾಯಿಗಿ ಹೇಳ್ತೇನಿ" ಎಂದ.

ಎಂಟು ದಿನ ಬಿಡದೆ ಹೋಗಿ ಕೂತೆ. ಒಂಬತ್ತನೆಯ ದಿನ ಅವನಿಗೇ ಕನಿಕರ ಬಂತು. "ಮನಿಷಾ ನೆಟ್ಟಗ ನಿಂತ್ರ ಅದು ಬರೂದಿಲ್ಲ. ಕುರಿಯೊಳಗ ಕುರಿ ಆಗು" ಎಂದು ತನ್ನ ಕರಿಯ ಕಂಬಳಿ ನನ್ನ ಮೇಲೆ ಹೊದಿಸಿ, ನಾಯಿಗಳನ್ನು ಕರೆದುಕೊಂಡು ಹಿಂಡಿನ ಆಚೆ ತುದಿಗೆ ಹೋದ.

ಹೊತ್ತು ಮುಳುಗಲು ಬಂದಿತ್ತು. ನಾನು ಕೈ ಕಾಲು ಊರಿ, ಕಂಬಳಿಯ ಸಂದಿಯಿಂದ ಲೆನ್ಸಿನ ಮೂತಿ ಮಾತ್ರ ಹೊರಗಿಟ್ಟು ಕುರಿಗಳ ನಡುವೆ ಇದ್ದೆ. ಸುಮಾರು ಹೊತ್ತಾದ ಮೇಲೆ ಗುಡ್ಡದ ನೆತ್ತಿಯ ಮೇಲೆ ಅದು ಬಂದು ನಿಂತಿತು. ಬೂದು ಬಣ್ಣ, ಉದ್ದ ಕಾಲು. ಎರಡು ಸಲ ಒತ್ತಿದೆ. ಮೂರನೆಯ ಸಲ ಒತ್ತುವಷ್ಟರಲ್ಲಿ ಕುರಿಗಳಿಗೆ ವಾಸನೆ ಹತ್ತಿತು. ಇಡೀ ಹಿಂಡು ಒಮ್ಮೆಲೇ ಹಿಂದಕ್ಕೆ ನುಗ್ಗಿ ಹೋಯಿತು. ಬಯಲಲ್ಲಿ ಉಳಿದವನು ನಾನೊಬ್ಬನೇ.

ತೋಳದ ಕಣ್ಣಿಗೆ ನಾನು ಹೇಗೆ ಕಂಡಿರಬೇಕು ಎಂದು ಆಗ ಹೊಳೆಯಿತು. ಹಿಂಡಿನಿಂದ ಹಿಂದುಳಿದ, ಓಡಲಾರದ, ಮುದಿ ಕುರಿ. ಅದು ತಲೆ ತಗ್ಗಿಸಿ ಇಳಿಯತೊಡಗಿತು. ಎದ್ದು ನಿಂತರೆ ಓಡಿಹೋಗುತ್ತದೆ ಎಂದು ಬುದ್ಧಿ ಹೇಳುತ್ತಿತ್ತು. ಆದರೆ ಒಂದು ತಾಸಿನಿಂದ ಊರಿದ್ದ ಕಾಲು ಜೋಮು ಹಿಡಿದು ಏಳಲೇ ಇಲ್ಲ. ಇನ್ನು ಇಪ್ಪತ್ತು ಹೆಜ್ಜೆ ಇದೆ ಎನ್ನುವಾಗ ನಾಯಿಗಳು ಬೊಗಳುತ್ತ ಬಂದವು. ತೋಳ ತಿರುಗಿ ಒಂದೇ ಜಿಗಿತಕ್ಕೆ ಮರೆಯಾಯಿತು.

ನಾನು ಎದ್ದು ನಿಲ್ಲಲಾರದೆ ಕಂಬಳಿ ಸಮೇತ ಅಂಬೆಗಾಲಿನಲ್ಲಿ ಕುರಿಗಳ ಹಿಂದೆಯೇ ಹಟ್ಟಿಯ ಕಡೆ ಹೊರಟೆ. ಹಟ್ಟಿಯ ಬಾಯಲ್ಲಿ ಆತನ ಹೆಂಡತಿ ಕೋಲು ಹಿಡಿದು, ಒಳಗೆ ಹೋಗುವ ಒಂದೊಂದೇ ಕುರಿಯ ಬೆನ್ನಿಗೆ ಮುಟ್ಟಿಸಿ ಎಣಿಸುತ್ತಿದ್ದಳು. ನಾನು ಕಂಬಳಿಯೊಳಗಿರುವುದು ಆಕೆಗೆ ಗೊತ್ತಿಲ್ಲ. ಕೋಲು ನನ್ನ ಬೆನ್ನಿಗೂ ಬಿತ್ತು. ಆಕೆ ಗಾಬರಿಯಿಂದ ಕೂಗಿದಳು:

"ಏನ್ರೀ, ಲಗೂ ಬರ್ರಿ ಇಲ್ಲೆ! ತೋಳ ಬಂದ್ರ ಒಂದು ಕಡಿಮಿ ಆಗಬೇಕು, ಇಲ್ಲಿ ಒಂದು ಹೆಚ್ಚಾಗೇತಿ!"

ಗೂಗಿ

ಜಮಖಂಡಿಯಲ್ಲಿ ಒಬ್ಬ ಡಾಕ್ಟರು ಹೊಸದಾಗಿ ಹೆರಿಗೆ ಆಸ್ಪತ್ರೆ ಕಟ್ಟಿಸಿದರು. ನನ್ನನ್ನು ಕರೆಸಿ, "ಗೋಡಿ ಬೋಳು ಕಾಣಾಕತ್ತಾವು. ನಿಮ್ಮ ನಿಸರ್ಗದ ಫೋಟೋ ಆರು ಹಾಕಿಬಿಡ್ರಿ. ಯಾವ್ ಹಾಕ್ಬೇಕು ಅನ್ನೂದು ನಿಮಗ ಬಿಟ್ಟದ್ದು" ಎಂದರು. ಆ ಕಡೆಯ ಮಾತೊಂದನ್ನು ಅವರು ಆಡಬಾರದಿತ್ತು.

ಆಗ ನನ್ನಲ್ಲಿದ್ದ ಎಲ್ಲಕ್ಕಿಂತ ಛಲೋ ಫೋಟೋ ಎಂದರೆ ಒಂದು ಗೂಬೆಯದು, ನಮ್ಮ ಕಡೆಯ ಮಾತಿನಲ್ಲಿ ಗೂಗೆ. ಮುಳುಗಡೆಯಾಗಿ ಜನ ಬಿಟ್ಟುಹೋದ ಮನೆಯೊಂದರ ಗೋಡೆಯ ಪೊಟರೆಯಲ್ಲಿ ಕೂತು ನೇರ ನನ್ನನ್ನೇ ನೋಡಿತ್ತು. ಫೋಟೋದ ತುಂಬ ಬರೀ ಎರಡು ದುಂಡು ಕಣ್ಣು. ಅದನ್ನು ಮೂರು ಅಡಿ ಮಾಡಿಸಿ, ಚೌಕಟ್ಟು ಹಾಕಿಸಿ, ಹೆರಿಗೆ ಕೋಣೆಯ ಬಾಗಿಲಿಗೆ ಸರಿಯಾಗಿ ಎದುರು ಗೋಡೆಗೆ ನಾಲ್ಕು ಸ್ಕ್ರೂ ಬಿಗಿದು ಕೂರಿಸಿದೆ.

ಆಸ್ಪತ್ರೆ ಶುರುವಾದ ಎರಡನೆಯ ದಿನ ಡಾಕ್ಟರ ಫೋನು ಬಂತು. "ಇದ್ದಂಗ ಬರ್ರಿ. ಸ್ಕ್ರೂಡ್ರೈವರ್ ತಗೊಂಡ ಬರ್ರಿ."

ಬೈಕು ಓಡಿಸಿಕೊಂಡು ಹೋದೆ. ಅಲ್ಲಿ ನೋಡಿದರೆ ಚೊಚ್ಚಲು ಬಸುರಿ ಹುಡುಗಿಯೊಬ್ಬಳು ಸ್ಟ್ರೆಚರ್ ಮೇಲೆ ನೋವಿನಿಂದ ಹೊರಳಾಡುತ್ತಿದ್ದಾಳೆ. ಆಕೆಯ ಅತ್ತೆ ಹೆರಿಗೆ ಕೋಣೆಯ ಬಾಗಿಲಿಗೆ ಎರಡೂ ಕೈ ಅಡ್ಡ ಚಾಚಿ ನಿಂತಿದ್ದಾಳೆ.

"ಗೂಗಿ ಹೊರಗ ಹೋದ ಮ್ಯಾಲೆ ನನ್ನ ಸೊಸಿ ಒಳಗ ಹೋಗತಾಳ. ಅಲ್ಲೀತನಾ ಇಲ್ಲ!"

ಡಾಕ್ಟರು ಆಗಲೇ ಫೋಟೋದ ಮೇಲೆ ಒಂದು ಚಾದರ ಹೊದಿಸಿ ನೋಡಿದ್ದರಂತೆ. ಅದಕ್ಕೆ ಆಕೆ, "ಅರಿವಿ ಮುಚ್ಚಿದ್ರ ಏನಾತು? ಅದು ಕತ್ತಲಾಗ ನೋಡೂವಂಥಾದ್ದು!" ಎಂದಿದ್ದಳಂತೆ. ಆಗಲೇ ಡಾಕ್ಟರು ನನಗೆ ಫೋನು ಹಚ್ಚಿದ್ದು.

ಮೂರು ಸ್ಕ್ರೂ ಸಲೀಸಾಗಿ ಬಂದವು. ನಾಲ್ಕನೆಯದರ ತಲೆ ಸವೆದುಹೋಯಿತು. ತಿರುಗಿಸಿದಷ್ಟೂ ಜಾರುತ್ತದೆ. ಹಿಂದೆ ಹುಡುಗಿ ಚೀರುತ್ತಾಳೆ. ನರ್ಸು, "ಸರ್, ಇನ್ನ ತಡೀಲಾಕ ಆಗೂದಿಲ್ಲ" ಎನ್ನುತ್ತಾಳೆ. ಈ ತಾಯಿ ಮಗುವಿಗೆ ಏನಾದರೂ ಆದರೆ ನನ್ನ ಜನ್ಮದಲ್ಲಿ ಕ್ಯಾಮೆರಾ ಮುಟ್ಟುವುದಿಲ್ಲ ಎಂದುಕೊಂಡೆ. ಕಡೆಗೆ ಚೌಕಟ್ಟನ್ನೇ ಎರಡೂ ಕೈಯಿಂದ ಹಿಡಿದು ಜಗ್ಗಿದೆ. ಸ್ಕ್ರೂ, ಗಿಲಾವು, ಗೋಡೆಯ ಒಂದು ಹೆಂಟೆ ಎಲ್ಲ ಕೂಡಿ ಕೈಗೆ ಬಂದವು. ಸ್ಟ್ರೆಚರ್ ಒಳಗೆ ಹೋಯಿತು. ನಾನು ಹೊರಗೆ ಅಂಗಳದಲ್ಲಿ ಗೂಗೆಯನ್ನು ಪಕ್ಕದಲ್ಲಿ ಒರಗಿಸಿಕೊಂಡು ಕೂತೆ.

ಸ್ವಲ್ಪ ಹೊತ್ತಿಗೆ ಕೂಸಿನ ಅಳು ಕೇಳಿಸಿತು. ಜೀವ ಬಂದಂತಾಯಿತು. ಅತ್ತೆ ಅರಿವೆಯಲ್ಲಿ ಸುತ್ತಿದ ಮೊಮ್ಮಗನನ್ನು ಎತ್ತಿಕೊಂಡು ಬಾಗಿಲಿಗೆ ಬಂದಳು. ಸಿಟ್ಟೆಲ್ಲ ಇಳಿದಿತ್ತು. "ಬಾರೋ ಯಪ್ಪಾ, ನೀನೂ ನೋಡು" ಎಂದು ಕರೆದಳು. ನೋಡಿದೆ. ಕೂಸು ರೆಪ್ಪೆ ಮಿಟುಕಿಸದೆ, ಎರಡು ದೊಡ್ಡ ದುಂಡು ಕಣ್ಣು ಬಿಟ್ಟು ನನ್ನನ್ನೇ ದಿಟ್ಟಿಸುತ್ತಿತ್ತು.

ಆಕೆ ಕೂಸನ್ನು ನೋಡಿದಳು. ಒರಗಿಸಿದ್ದ ಫೋಟೋ ನೋಡಿದಳು. ಆಮೇಲೆ ನನ್ನನ್ನು ನೋಡಿ ಅಂದಳು: "ಇನ್ನ ಸ್ವಲ್ಪ ಲಗೂ ಬರಾಕ ಏನಾಗಿತ್ತೋ ನಿನಗ?"

ಎಮ್ಮೆಗೆ ಮರ್ಯಾದೆ

ರಬಕವಿಯ ಸೀರೆ ಸಾವಕಾರರೊಬ್ಬರಿಗೆ ಕ್ಯಾಲೆಂಡರ್ ಮಾಡಿಸುವ ಹುಕಿ ಬಂತು. "ಸೀರಿ ಉಟ್ಟ ಹೆಣ್ಣಮಕ್ಕಳ ಫೋಟೋ ಎಲ್ಲಾರೂ ಹಾಕ್ತಾರ. ನಮಗ ಹೊಳಿ, ಹಕ್ಕಿ, ನಡಬರಕ ಸೀರಿ, ಹಂಗ ಬೇಕು" ಎಂದರು.

ಬೆಳಿಗ್ಗೆ ಕೃಷ್ಣೆಯ ದಂಡೆಯ ಕರಿಗಲ್ಲಿನ ಮೇಲೆ ಸೀರೆ ಹಾಸಿದೆವು. ಅದು ಒಬ್ಬ ಮದಲಗಿತ್ತಿಗಾಗಿ ಕೈಮಗ್ಗದಲ್ಲಿ ನೇಯ್ದ ಒಂದೇ ಒಂದು ಸೀರೆ. ಮಧ್ಯಾಹ್ನದೊಳಗೆ ಆಕೆಯ ಮನೆ ಮುಟ್ಟಬೇಕು. ನೇಯ್ದ ಮುದುಕನೂ ಸೀರೆಯ ಹಿಂದೆಯೇ ಬಂದಿದ್ದ. ಸಾವಕಾರರನ್ನು ಸಣ್ಣವರಿದ್ದಾಗ ಹೆಗಲ ಮೇಲೆ ಹೊತ್ತು ತಿರುಗಿದವನು. ಹಾಗಾಗಿ ಅವರನ್ನು "ಲೇ, ಬಾ ಇಲ್ಲೆ" ಎಂದೇ ಕರೆಯುತ್ತಿದ್ದ.

ಬೆಳ್ಳಕ್ಕಿಗಳು ಒಂದೊಂದಾಗಿ ಸೀರೆಯ ಕಡೆಗೇ ನಡೆದು ಬರತೊಡಗಿದವು. ನನಗೆ ಹಿಗ್ಗೋ ಹಿಗ್ಗು. ಬೆಳ್ಳಕ್ಕಿ ಯಾರ ಜೊತೆ ಬರುತ್ತದೆ ಎಂಬುದು ಆ ಹಿಗ್ಗಿನಲ್ಲಿ ಮರೆತೇ ಹೋಗಿತ್ತು. ಕ್ಯಾಮೆರಾದಿಂದ ಕಣ್ಣು ತೆಗೆದು ನೋಡಿದರೆ ಒಂದು ಎಮ್ಮೆ ಸೆರಗಿನ ಹತ್ತಿರ ನಿಂತು, ಸೆರಗಿನ ಅಂಚನ್ನು ಬಾಯಲ್ಲಿ ಹಿಡಿದಿದೆ.

ಜಗ್ಗಿದರೆ ಹರಿಯುತ್ತದೆ. ಗದರಿಸಿದರೆ ಸೀರೆ ಸಮೇತ ಹೊಳೆಗೆ ಇಳಿಯುತ್ತದೆ. ಮೂವರೂ ಕಲ್ಲಾಗಿ ನಿಂತೆವು. ಸಾವಕಾರರ ತುಟಿ ಅಲುಗುತ್ತಿತ್ತು, ಯಾವ ದೇವರಿಗೆ ಹರಕೆ ಹೊತ್ತರೋ ತಿಳಿಯದು. ಮುದುಕ ಮಾತ್ರ ಒಂದೊಂದೇ ಹೆಜ್ಜೆ ಇಟ್ಟು ಎಮ್ಮೆಯ ಎದುರು ಹೋಗಿ, ಎರಡೂ ಕೈ ಜೋಡಿಸಿ, ಹತ್ತಿಯಂಥ ಮೆತ್ತಗಿನ ದನಿಯಲ್ಲಿ ಅಂದ:

"ಅವ್ವಾರ... ಬಿಡ್ರೀ ಅವ್ವಾರ. ಮದಲಗಿತ್ತಿ ಸೀರಿ ಐತ್ರೀ. ಹಸಿ ಮೇವು ತರಸ್ತೇನ್ರೀ. ಒಂದೀಟು ಬಾಯಿ ತಗೀರ್ರೀ."

ಎಮ್ಮೆ ಸ್ವಲ್ಪ ಹೊತ್ತು ಅವನ ಮುಖ ನೋಡಿತು. ಆಮೇಲೆ ಏನನ್ನಿಸಿತೋ, ಒಂದು ಸಲ ಸೀನಿ ಬಾಯಿ ಬಿಟ್ಟಿತು. ಸೆರಗಿಗೆ ಜೊಲ್ಲು ಬಿಟ್ಟರೆ ಬೇರೇನೂ ಆಗಿರಲಿಲ್ಲ. ಸಾವಕಾರರು ಕಲ್ಲಿನ ಮೇಲೆ ಕುಸಿದು ಕೂತು ಬೆವರು ಒರೆಸಿಕೊಳ್ಳುತ್ತ ನನಗೆ ಅಂದರು:

"ನೋಡಿದ್ರೇನು? ನಾ ಇವನ ಸಾವಕಾರ. ಇಷ್ಟು ವರ್ಷದಾಗ ನನಗ ಒಮ್ಮಿಯೂ 'ರೀ' ಅಂದಿಲ್ಲ!"

ನೀರೊಳಗಿನ ಬದು

ಬೆಂಗಳೂರಿನ ಗ್ಯಾಲರಿಯಲ್ಲೂ ನನ್ನ ಫೋಟೋ ಪ್ರದರ್ಶನ ಆಗಿದೆ. ಅಲ್ಲಿ ಜನ ಗದ್ದಕ್ಕೆ ಕೈ ಹಚ್ಚಿ, ಸ್ವಲ್ಪ ಹಿಂದೆ ಸರಿದು, ಮತ್ತೆ ಸ್ವಲ್ಪ ಮುಂದೆ ಬಂದು, ಸುಮ್ಮನೆ ಹೋಗುತ್ತಾರೆ. ನಮ್ಮ ಕಡೆ ಹಾಗಲ್ಲ.

ಜಮಖಂಡಿಯ ಒಂದು ಶಾಲೆಯ ಹಾಲ್‌ನಲ್ಲಿ ನನ್ನ ಮೊದಲ ಪ್ರದರ್ಶನ. ನಡುವಿನ ಗೋಡೆಗೆ ದೊಡ್ಡ ಫೋಟೋ: ಹಿನ್ನೀರಿನ ನಡುವೆ ಒಂದು ಒಣಗಿದ ಬೇವಿನ ಮರ, ಕೊಂಬೆ ತುಂಬ ನೀರುಕಾಗೆಗಳು, ಹಿಂದೆ ಮುಳುಗುವ ಸೂರ್ಯ. ಕೆಳಗೆ 'ಏಕಾಂತ' ಎಂದು ಚಂದದ ಅಕ್ಷರದಲ್ಲಿ ಬರೆಸಿದ್ದೆ.

ತಲೆಗೆ ಪಟಗಾ ಸುತ್ತಿದ ಮುದುಕನೊಬ್ಬ ಅದರ ಮುಂದೆ ಬಹಳ ಹೊತ್ತು ನಿಂತ. ಕಣ್ಣು ಒದ್ದೆಯಾಗಿತ್ತು. ನನ್ನ ಕಲೆ ಇಷ್ಟು ನಾಟಿತಲ್ಲ ಎಂದು ಹತ್ತಿರ ಹೋದೆ.

"ನಮ್ಮ ಗಿಡ" ಎಂದ. "ನೀರಿಗಿ ಹ್ವಾದ ನಮ್ಮ ಹೊಲದ ಗಿಡ ಇದು."

ಹಿಂದಿನಿಂದ ಇನ್ನೊಂದು ದನಿ ಬಂತು. "ನಿಮ್ಮದು ಯಾವಾಗ ಆತು? ಬದುವಿನ ಈಚಿಗಿ ಐತಿ ಅದು."

ಇವನ ಹಾಗೆಯೇ ಇದ್ದ ಇನ್ನೊಬ್ಬ ಮುದುಕ. ಖಾಸ ತಮ್ಮ. ಆ ಗಿಡ ಯಾರ ಪಾಲಿನದು ಎಂದು ಇಬ್ಬರೂ ವರ್ಷಾನುಗಟ್ಟಲೆ ಕೋರ್ಟಿಗೆ ತಿರುಗಿದ್ದರು. ತೀರ್ಪು ಬರುವ ಮೊದಲೇ ನೀರು ಬಂದು ಎರಡೂ ಹೊಲ ಮುಳುಗಿದ್ದವು. ಮಾತು ಬಿಟ್ಟವರು ಬಿಟ್ಟ ಹಾಗೇ ಇದ್ದರು. ಈಗ ನನ್ನ ಫೋಟೋದ ಮುಂದೆ ಶುರುವಾಯಿತು.

"ಈ ಹಕ್ಕಿ ಕುಂತೈತಲ್ಲ, ಇದರ ಬುಡಕ ಬದು ಇತ್ತು."

"ಆ ಹಕ್ಕಿ ಅಲ್ಲ. ಈ ಹಕ್ಕಿ!"

ಅಣ್ಣ ಬಡಿಗೆಯ ತುದಿಯಿಂದ ಗಾಜಿನ ಮೇಲೆ ಬದು ಎಳೆದು ತೋರಿಸಿದ. ತಮ್ಮ ಆ ಬಡಿಗೆ ಹಿಡಿದು ತಳ್ಳಿದ. ಜನ ಸೇರಿದರು. ಅಣ್ಣನ ಕಡೆ ನಾಲ್ವರು, ತಮ್ಮನ ಕಡೆ ನಾಲ್ವರು ಅಂಗಿಯ ತೋಳು ಏರಿಸಿದರು. ಉದ್ಘಾಟನೆಗೆ ಬಂದಿದ್ದ ಡ್ರಾಯಿಂಗ್ ಮಾಸ್ತರು, "ಕಲೆಗೆ ಗಡಿಯಿಲ್ಲ" ಎಂದು ಏನೋ ಹೇಳಲು ಹೋಗಿ, ಇಬ್ಬರಿಂದಲೂ ಬೈಸಿಕೊಂಡು ಹಿಂದಿನ ಬಾಗಿಲಿನಿಂದ ಹೋದರು. ನಾನು ಚೌಕಟ್ಟಿಗೆ ಬೆನ್ನು ಕೊಟ್ಟು, ಎರಡೂ ಕೈ ಅಗಲಿಸಿ ನಿಂತೆ. ಬಡಿಗೆ ಇನ್ನೇನು ನನ್ನ ತಲೆಗೇ ಬೀಳುತ್ತದೆ ಎನ್ನುವಾಗ ತಮ್ಮ ನನ್ನ ಹೆಗಲ ಮೇಲಿಂದ ಫೋಟೋ ನೋಡುತ್ತ ತಟ್ಟನೆ ಅಂದ:

"ಅಣ್ಣಾ, ಆ ಡೊಂಕ ಟೊಂಗಿ ನೋಡು. ಅದರ ಮ್ಯಾಲಿಂದ ಬಿದ್ದು ನೀ ಕೈ ಮುರಕೊಂಡಿದ್ದಿ."

ಅಣ್ಣನ ಬಡಿಗೆ ಕೆಳಗಿಳಿಯಿತು. "ನೀನ ಹೊತಗೊಂಡು ಮನಿಗಿ ಓಡಿದ್ದಿ" ಎಂದ.

ಇಬ್ಬರೂ ಕೂಡಿಯೇ ಹೊರಗೆ ಹೋದರು. ಜನ ಚಪ್ಪಾಳೆ ತಟ್ಟಿದರು. ನನ್ನ ಒಂದು ಫೋಟೋ ಅಣ್ಣತಮ್ಮಂದಿರನ್ನು ಒಂದು ಮಾಡಿತು ಎಂದು ನಾನು ಹೆಂಡತಿಯ ಮುಂದೆ ಕೊಚ್ಚಿಕೊಂಡೆ.

ಮರುದಿನ ಹಾಲ್ ತೆರೆಯುವ ಹೊತ್ತಿಗೆ ಇಬ್ಬರೂ ಬಾಗಿಲಲ್ಲಿ ನಗುತ್ತ ನಿಂತಿದ್ದರು. ಜೊತೆಗೆ ಕನ್ನಡಕದ ಇನ್ನೊಬ್ಬ ಹಿರಿಯ. "ಹೆಂಗೂ ಕೂಡೇವಿ, ಒಮ್ಮಿ ಬಗಿಹರಿಸಿಬಿಡೂಣು ಅಂತ ರಿಟೈರ್ಡ್ ಸರ್ವೇಯರ್ನ ಕರಕೊಂಡ ಬಂದೇವ್ರಿ" ಎಂದ ಅಣ್ಣ.

ಆ ಹಿರಿಯರು ಚೀಲದಿಂದ ಟೇಪು ತೆಗೆದು, ಫೋಟೋವನ್ನು ಒಂದು ಸಲ ಗಂಭೀರವಾಗಿ ನೋಡಿ ಕೇಳಿದರು: "ಇದರಾಗ ಉತ್ತರ ಯಾವ ಕಡೆ ಬರತೈತ್ರಿ?"

ಕೆಂಪು ದೀಪದಲ್ಲಿ

ಇದು ಎಲ್ಲಕ್ಕಿಂತ ಮೊದಲು ನಡೆದದ್ದು. ಹಿನ್ನೀರು ಇನ್ನೂ ಹೊಸದು. ನನ್ನ ಮದುವೆಯೂ ಹೊಸದು. ಆಗಿನದು ರೀಲಿನ ಕ್ಯಾಮೆರಾ. ನಾನು ಕಪ್ಪು ಬಿಳುಪು ರೀಲು ಹಾಕಿ, ಸ್ಟುಡಿಯೋದ ಹಿಂದಿನ ಕತ್ತಲೆ ಕೋಣೆಯಲ್ಲಿ ನಾನೇ ತೊಳೆದುಕೊಳ್ಳುತ್ತಿದ್ದೆ.

ಹೊಳೆದಂಡೆಯ ಒಂದು ಊರಿನ ಹತ್ತಿರ ಬೆಳಿಗ್ಗೆ ಬೆಳಿಗ್ಗೆ ಜೊಂಡಿನಲ್ಲಿ ಅಡಗಿ ಕೂತು ಹಕ್ಕಿ ತೆಗೆಯುತ್ತಿದ್ದೆ. ಮೀನು ಕಚ್ಚಿಕೊಂಡು ಹಾರುವ ಹಕ್ಕಿ. ಮೈಯೆಲ್ಲ ಕಣ್ಣಾಗಿ ಅದನ್ನೇ ಹಿಂಬಾಲಿಸುತ್ತಿದ್ದವನಿಗೆ, ಸ್ವಲ್ಪ ದೂರದಲ್ಲಿ ಹೆಣ್ಣುಮಕ್ಕಳು ಅರಿವೆ ಒಗೆಯಲು ಬಂದದ್ದು ಗೊತ್ತೇ ಆಗಲಿಲ್ಲ.

"ಯವ್ವಾ! ಯಾವನೋ ನಳಿಗಿ ಹಿಡಕೊಂಡು ನಮ್ಮ ಕಡೆ ನೋಡಾಕತ್ತಾನ!"

ಒಬ್ಬ ಮುದುಕಿಯ ದನಿ. ಕ್ಷಣದಲ್ಲಿ ಜೊಂಡಿನ ಸುತ್ತ ಜನ. ಕೆಲವರ ಕೈಯಲ್ಲಿ ಬಾರುಕೋಲು. ಊರ ಹಿರಿಯರೊಬ್ಬರು ಬಂದರು. ದೊಡ್ಡ ಬಿಳಿ ಪಟಗಾ, ಕಿವಿಯವರೆಗೆ ತಿರುವಿದ ಮೀಸೆ. ಅವರು ಬಂದೊಡನೆ ಎಲ್ಲರೂ ಸುಮ್ಮನಾದರು.

"ಏನ್ ಮಾಡಾಕತ್ತಿದ್ಯೋ ಇಲ್ಲಿ?"

"ಹಕ್ಕಿ ಫೋಟೋ ತಗಿಯಾಕತ್ತಿದ್ನಿರಿ."

"ಹಕ್ಕಿ ಫೋಟೋ ಯಾರ್ ತಗಸ್ತಾರಲೇ? ಹಕ್ಕಿ ಲಗ್ನ ಐತೇನು?"

"ಖರೇನರಿ. ಹಕ್ಕಿ ಬಿಟ್ಟು ಏನೂ ತಗದಿಲ್ಲ."

"ಹಂಗಾರ ತೋರ್ಸು."

ತೋರಿಸುವುದು ಏನನ್ನು? ರೀಲು ತೊಳೆಯದೆ ಏನೂ ಕಾಣುವುದಿಲ್ಲ ಎಂದೆ. ಒಬ್ಬ ಕ್ಯಾಮೆರಾ ಕಸಿದು ತೆರೆಯಲು ಹೋದ. ನಾನು ಅದನ್ನು ಹೊಟ್ಟೆಗೆ ಅವಚಿಕೊಂಡು, "ಬ್ಯಾಡ್ರೀ, ಬೆಳಕು ಬಿದ್ರ ಎಲ್ಲಾ ಅಳಿಸಿ ಹೋಗತೈತಿ!" ಎಂದು ಚೀರಿದೆ.

ಹಿರಿಯರು ಮೀಸೆಯ ಮೇಲೆ ಕೈ ಇಟ್ಟರು. "ಬೆಳಕಿಗಿ ಹೆದರೂವಂಥಾದ್ದು ಏನ್ ತಗದೀಯಪಾ ಹಂಗಾರ?"

ಜನ ಒಂದು ಹೆಜ್ಜೆ ಮುಂದೆ ಬಂದರು. ಕಡೆಗೆ ಹಿರಿಯರೇ ತೀರ್ಮಾನ ಕೊಟ್ಟರು. ನನ್ನ ಜೊತೆ ಬನಹಟ್ಟಿಗೆ ಬರುತ್ತಾರೆ, ತಮ್ಮ ಕಣ್ಣೆದುರೇ ರೀಲು ತೊಳೆಯಬೇಕು. ಹೆಣ್ಣುಮಕ್ಕಳ ಪರವಾಗಿ, ನನ್ನನ್ನು ಕಂಡುಹಿಡಿದ ಆ ಮುದುಕಿಯೂ ಬರುತ್ತಾಳೆ. ಇನ್ನೂ ಇಬ್ಬರು ಗಟ್ಟಿಮುಟ್ಟಾದವರು. "ಒಂದ ಫೋಟೋದಾಗ ನಮ್ಮ ಹೆಣ್ಣಮಕ್ಕಳು ಕಂಡ್ರೂ ನಿನ್ನ ಅಂಗಡಿ ಇರೂದಿಲ್ಲ" ಎಂದರು ಹಿರಿಯರು.

ಟೆಂಪೋದಲ್ಲಿ ದಾರಿಯುದ್ದಕ್ಕೂ ನಾನು ಯೋಚಿಸುತ್ತಿದ್ದದ್ದು ಒಂದೇ. ಹಕ್ಕಿಯ ಹಿಂದೆ ಏನೇನು ಬಿದ್ದಿದೆಯೋ? ಹಕ್ಕಿ ಹಾರಿದ ಕಡೆಗೆಲ್ಲ ಕ್ಯಾಮೆರಾ ತಿರುಗಿಸಿದ್ದೆ. ಆ ಕಡೆ ಯಾರಿದ್ದರು, ನನಗೇ ಗೊತ್ತಿಲ್ಲ.

ಆಗ ಸ್ಟುಡಿಯೋದ ಪಕ್ಕದಲ್ಲೇ ನಮ್ಮ ಮನೆ. ನಾಲ್ಕು ಜನರ ನಡುವೆ ಬಂದ ನನ್ನನ್ನು ನೋಡಿ ಹೆಂಡತಿ, "ಯಾರ್ರೀ ಇವ್ರು, ಬೀಗರೇನು?" ಎಂದು ಕೇಳಿ ಚಹಾಕ್ಕೆ ಇಟ್ಟಳು. ಐದೂ ಜನ ಆ ಸಣ್ಣ ಕತ್ತಲೆ ಕೋಣೆಗೆ ಹೊಕ್ಕೆವು. ರೀಲನ್ನು ಡಬ್ಬಿಗೆ ಹಾಕುವಾಗ ಒಂದು ಹನಿ ಬೆಳಕೂ ಇರಬಾರದು. ಆ ಗವ್ವೆನ್ನುವ ಕತ್ತಲಲ್ಲಿ ನಾನು ಬೇರೆ ರೀಲು ಹಾಕಿಬಿಟ್ಟೇನು ಎಂದು ಹಿರಿಯರು ನನ್ನ ಅಂಗಿಯ ಹಿಂಭಾಗ ಗಟ್ಟಿಯಾಗಿ ಹಿಡಿದುಕೊಂಡು ನಿಂತಿದ್ದರು. ಮುದುಕಿ ಅವರ ಧೋತರದ ತುದಿ ಹಿಡಿದಿದ್ದಳಂತೆ, ಕತ್ತಲಿಗೆ ಹೆದರಿ.

ರೀಲು ತೊಳೆದು, ಫ್ಯಾನಿಗೆ ಒಣಗಿಸಿ, ಕೆಂಪು ದೀಪ ಹಚ್ಚಿ, ಒಂದೊಂದೇ ಪ್ರಿಂಟು ಹಾಕತೊಡಗಿದೆ. ತಟ್ಟೆಯ ಔಷಧಿ ನೀರಿನಲ್ಲಿ ಬಿಳಿ ಕಾಗದ ಬಿಟ್ಟರೆ ಸ್ವಲ್ಪ ಹೊತ್ತಿಗೆ ಚಿತ್ರ ನಿಧಾನವಾಗಿ ಮೇಲೆ ಬರುತ್ತದೆ. ನಾಲ್ಕೂ ಜನ ತಟ್ಟೆಯ ಮೇಲೆ ಬಗ್ಗಿ ನಿಂತಿದ್ದರು.

ಮೊದಲನೆಯದು, ಹಕ್ಕಿ. ಎರಡನೆಯದು, ಹಕ್ಕಿ. ಹತ್ತು ಹನ್ನೆರಡು ಹಾಕುವವರೆಗೂ ಹಕ್ಕಿ, ನೀರು, ಹಕ್ಕಿ.

"ಇಷ್ಟು ಹಕ್ಕಿ ತಗದು ಏನ್ ಮಾಡ್ತೀಯೋ ಯಪ್ಪಾ? ಸಾರು ಮಾಡಾಕೂ ಬರೂದಿಲ್ಲ" ಎಂದಳು ಮುದುಕಿ. ದನಿ ಮೆತ್ತಗಾಗಿತ್ತು. ಗಟ್ಟಿಮುಟ್ಟಾದವರಲ್ಲಿ ಒಬ್ಬ ಆಕಳಿಸಿದ. ನನಗೆ ಧೈರ್ಯ ಬಂತು. ಆದರೆ ಹಿರಿಯರು ಬಿಡುವವರಲ್ಲ. "ಎಲ್ಲಾ ಆಗ್ಲಿ. ಒಂದೂ ಬಿಡಬ್ಯಾಡ" ಎಂದರು.

ಮುಂದಿನ ಕಾಗದ ತಟ್ಟೆಗೆ ಬಿಟ್ಟೆ. ಹಕ್ಕಿ ಬಂತು, ಬಾಯಲ್ಲಿ ಮೀನು. ಬಹಳ ಚಂದ ಬಂದಿತ್ತು. ಅಷ್ಟರಲ್ಲಿ ಹಕ್ಕಿಯ ಹಿಂದೆ, ಅದೇ ದಂಡೆಯ ಪೊದೆಯೊಂದರ ಪಕ್ಕ, ಬೇರೆ ಏನೋ ಮೂಡತೊಡಗಿತು. ಒಬ್ಬ ಮನುಷ್ಯ! ಎಲ್ಲರೂ ಮತ್ತೆ ಬಗ್ಗಿದರು. ಮುಗಿಯಿತು ನನ್ನ ಅಂಗಡಿ ಎಂದುಕೊಂಡೆ.

"ತಡಿ, ತಡಿ, ಯಾರೋ ಕುಂತಾರ!" ಎಂದರು ಹಿರಿಯರು ಜೋರಾಗಿ. "ನೋಡ್ರಲೇ, ನಾ ಹೇಳಿದ್ನಿಲ್ಲೋ?"

ಚಿತ್ರ ಇನ್ನಷ್ಟು ಕಪ್ಪಾಯಿತು. ಮೊದಲು ಕಂಡದ್ದು ಒಂದು ದೊಡ್ಡ ಬಿಳಿ ಪಟಗಾ. ಆಮೇಲೆ ಕಿವಿಯವರೆಗೆ ತಿರುವಿದ ಮೀಸೆ. ಆಮೇಲೆ, ತುಸು ಮಸುಕಾಗಿ, ಕುಕ್ಕರಗಾಲಿನಲ್ಲಿ ಕೂತ ಭಂಗಿ. ಕಡೆಗೆ, ಪಕ್ಕದಲ್ಲಿ ಒಂದು ತಂಬಿಗೆ.

ಅಲ್ಲಿಯವರೆಗೂ ನನ್ನ ಅಂಗಿ ಬಿಡದೆ ಹಿಡಿದಿದ್ದ ಹಿರಿಯರ ಕೈ ಮೆಲ್ಲಗೆ ಸಡಿಲವಾಯಿತು.

ಮುದುಕಿ ತಟ್ಟೆಗೆ ಇನ್ನಷ್ಟು ಬಗ್ಗಿ, ಕಣ್ಣು ಕಿರಿದು ಮಾಡಿ ನೋಡಿ, ಬಹಳ ಮರ್ಯಾದೆಯಿಂದ ಕೇಳಿದಳು:

"ಹಿರ್ಯಾರ, ಇದು ಯಾವ ಹಕ್ಕಿರೀ?"